ಎತ್ತಿಲ್ಲದವರ ಕಾರಹುಣ್ಣಿಮೆ

ಬಸವಕಲ್ಯಾಣ
4 ಮಾರ್ಚ್ 2024

ಹುಮನಾಬಾದಿನ ಸಮಸ್ತ ದನಕರುಗಳ ರಾಜವೈದ್ಯರೂ, ಪಶು ಆಸ್ಪತ್ರೆಯ ನಿವೃತ್ತ ಕಂಪೌಂಡರರೂ, ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು ಕೆಟ್ಟವರೂ ಆದ ಶ್ರೀಮಾನ್ ಮಹೆಬೂಬ ಡಾಕ್ಟರ್ ಸಾಬರ ಸನ್ನಿಧಾನಕ್ಕೆ, ನಿವೃತ್ತ ಮಾಸ್ತರ ಹಾಗೂ ವಾರಪತ್ರಿಕೆಯ ನಗೆ ಅಂಕಣಕಾರ ಉತ್ತಮನ ಅನಂತ ಸಲಾಮುಗಳು.

ಫೋನ್ ಮಾಡಬಹುದಿತ್ತು. ಆದರೆ ನಾನು ಕೂಗಿದ್ದಕ್ಕೆ ನಮ್ಮ ಓಣಿಯವರೆಲ್ಲ ಓಗೊಟ್ಟ ಮೇಲೂ ನಿನಗೆ ಕೇಳುವುದಿಲ್ಲ. ಮೊಬೈಲಿನಲ್ಲಿ ಬೆರಳಾಡಿಸಿ ಬರೆಯುವುದು ನಿನ್ನ ಘನತೆಗೆ ಕಡಿಮೆ. ಮನ್ನಾಏಖೇಳ್ಳಿಯಲ್ಲಿ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದಾಗ ನಿನ್ನ ಗೊರಕೆಯನ್ನು ಆರು ವರ್ಷ ಸಹಿಸಿದವನು ನಾನು, ಒಂದು ಲಕೋಟೆ ಅಂಟಿಸುವ ಕಷ್ಟವನ್ನೂ ಸಹಿಸಬಲ್ಲೆ.

ವಿಷಯಕ್ಕೆ ಬರುತ್ತೇನೆ. ನಿನ್ನೆ ಸಂತೆಗೆ ಬದನೆಕಾಯಿ ತರಲು ಹೋದವನು ಒಂದು ಎತ್ತಿನ ಪ್ರಾಣ ಉಳಿಸಿಕೊಂಡು ಬಂದೆ. ಬದನೆಕಾಯಿ ಮರೆತದ್ದಕ್ಕೆ ಮನೆಯಾಕೆ ಸರಿತಾ ಇನ್ನೂ ಮಾತು ಬಿಟ್ಟಿದ್ದಾಳೆ. ಮಹಾಕಾರ್ಯಗಳಿಗೆ ಮನೆಯಲ್ಲಿ ಮನ್ನಣೆ ಎಲ್ಲಿದೆ?

ಗೋರ್ಟಾದ ದ್ರೌಪತಿಬಾಯಿ ಎಂಬ ವಿಧವೆ ತನ್ನ ದೇವಣಿ ತಳಿಯ ಎತ್ತನ್ನು ಹಿಡಿದುಕೊಂಡು ದನದ ಸಂತೆಯಲ್ಲಿ ನಿಂತಿದ್ದಳು. ಹೆಸರು ಸರ್ಜಾ. ಬಿಳಿ ಮೈ, ಕರಿ ಮುಖ, ನಿವೃತ್ತಿಗೆ ಬಂದ ತಹಸೀಲ್ದಾರನ ಗಾಂಭೀರ್ಯ. ಒಬ್ಬ ದಲಾಲ ಅವನ ತುಟಿ ಎತ್ತಿ, ಬಾಯೊಳಗೆ ಹೆಬ್ಬೆರಳು ತೂರಿಸಿ, ಒಸಡು ಸವರಿ ನೋಡುತ್ತಿದ್ದ. ಬೆರಳಿಗಂಟಿದ ಜೊಲ್ಲನ್ನು ಎತ್ತಿನ ಬೆನ್ನಿಗೇ ಒರೆಸಿದ. ನನಗೆ ಹೇಸಿಕೆಯಾಗಿ ಮುಖ ತಿರುಗಿಸಿದೆ. ಅವನ ಟೆಂಪೋ ಗಡಿಯಾಚೆ ಎಲ್ಲಿಗೆ ಹೋಗುತ್ತದೆಂದು ಸಂತೆಗೆಲ್ಲ ಗೊತ್ತು; ಯಾರೂ ಬಾಯಿ ಬಿಡುವುದಿಲ್ಲ.

ಆಕೆ ಅಂದಳು: “ಮಾಸ್ತರ್ರ, ಹದಿನಾರ ವರ್ಷ ನನ್ನ ಹೊಲಾ ಹೊಡದಾನ್ರಿ ಇಂವಾ. ಇವನ ಜೋಡಿ ರಾಜಾ ನಮ್ಮ ಕೊಟ್ಟಿಗ್ಯಾಗೇ ಸತ್ತ. ಇಂವನೂ ತನ್ನ ಸಾವ ತಾನ ಸಾಯಲಿ ಅಂತ ಆಸೆ ಇತ್ತರಿ. ಆದ್ರ ನನ್ನ ಮೊಣಕಾಲ ಕೇಳವಲ್ಲವು, ನೀರ ಹೊರೂದ ಆಗವಲ್ದು.”

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಹತ್ತಿ ನಿಂತು, “ಇವನು ತನ್ನ ಸಾವು ತಾನೇ ಸಾಯುತ್ತಾನೆ. ಇದು ಉತ್ತಮ ಮಾಸ್ತರನ ಮಾತು” ಎಂದು ಘೋಷಿಸಿದೆ. ನಾಲ್ಕು ಜನ ಚಪ್ಪಾಳೆ ತಟ್ಟಿದರು. ದಲಾಲ ಹಲ್ಲು ಕಿರಿದು, “ಮಾತ ಕೊಡೂಕಿಂತ ಮದ್ಲ ಹಲ್ಲರ ನೋಡ್ರಿ, ಮಾಸ್ತರ್ರ” ಅಂದ. ನಾನು ದಂತವೈದ್ಯನಲ್ಲ ಎಂದು ಹೇಳಿ ಅವನ ಬಾಯಿ ಮುಚ್ಚಿಸಿದೆ.

ನೀನು ದಿನಾ ಹೋಗಿ ಪುಕ್ಕಟೆ ಔಷಧಿ ಹಾಕುವ ಆ ‘ಆಸರೆ’ ಅನಾಥ ದನಗಳ ಕೇಂದ್ರದಲ್ಲಿ ಸರ್ಜಾನಿಗೊಂದು ಗೂಟ ಕೊಡಿಸು. ನನ್ನ ಮಾತು ಈಗ ನಿನ್ನ ಕೈಯಲ್ಲಿದೆ.

ಉತ್ತಮ


ಹುಮನಾಬಾದ
11 ಮಾರ್ಚ್ 2024

ಮಾಸ್ತರ,

ಎತ್ತು ಮುಟ್ಟಿತು. ಗೂಟ ಸಿಕ್ಕಿತು.

ಹಲ್ಲು ನೋಡಿದೆ. ಕೆಳಗಡೆ ಮುಂದೆ ಎರಡು ಮೊಂಡು ಚೂರು. ಒಳಗೆ ದವಡೆ ಹಲ್ಲು ಸವೆದು ಒಸಡಿನ ಸಮ ಬಂದಿವೆ. ಜೋಳದ ಕಣಿಕೆ ಜಗಿಯಲಾರ. ಕತ್ತರಿಸಿ, ನೆನೆಸಿ, ಸ್ವಲ್ಪ ಸ್ವಲ್ಪವೇ ಕೊಡಬೇಕು. ಕೊಡುತ್ತಿದ್ದೇನೆ. ನೀನು ನಿಜವಾಗಿಯೂ ನೋಡಿರಲಿಲ್ಲವೇ?

ಕಳೆದ ವಾರ ಒಂದು ಆಕಳ ಹೊಟ್ಟೆ ಕೊಯ್ದೆವು. ಡಾಕ್ಟರು ಭುಜದವರೆಗೆ ಕೈ ಹಾಕಿ ತೆಗೆಯುತ್ತಲೇ ಇದ್ದರು. ಕ್ಯಾರಿಬ್ಯಾಗು, ಹಾಲಿನ ಪಾಕೀಟು, ಚಪ್ಪಲಿಯ ಉಂಗುಷ್ಟ, ಮದುವೆ ಮಂಟಪದ ಹೆಸರು ಇನ್ನೂ ಓದಲು ಬರುವಂಥ ಚೀಲ. ಎರಡು ಬುಟ್ಟಿ ತುಂಬಿದವು. ಅದರ ವಾಸನೆ ಮೂರು ದಿನ ಸಾಬೂನಿಗೆ ಹೋಗಲಿಲ್ಲ. ಫರ್ಹೀನ್ ನನಗೆ ಅಂಗಳದಲ್ಲೇ ಊಟ ಕೊಟ್ಟಳು. ಸೊಸೆಯ ತಪ್ಪಲ್ಲ. ಟ್ರಸ್ಟಿನ ಅಧ್ಯಕ್ಷ ಶೈಲೇಶ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಫೋಟೋ ಹೊಡೆಯುವಾಗ ತೆಗೆದ, ಹೊಡೆದ ಮೇಲೆ ಮತ್ತೆ ಹಿಡಿದುಕೊಂಡ.

ಒಂದು ಮಾತು. ಈ ಜಾಗದ ಬಗ್ಗೆ ಪೇಪರಿನಲ್ಲಿ ಬರೆಯಬೇಡ. ನೀನು ಬರೆದರೆ ಜನ ಬರುತ್ತಾರೆ. ಜನ ಬರಿಗೈಯಲ್ಲಿ ಬರುವುದಿಲ್ಲ, ಏನಾದರೂ ತಿನ್ನಿಸಲಿಕ್ಕೆ ಹಿಡಿದುಕೊಂಡೇ ಬರುತ್ತಾರೆ.

ಮಹೆಬೂಬ


ಬಸವಕಲ್ಯಾಣ
2 ಏಪ್ರಿಲ್ 2024

ಹಲ್ಲುಗಳ ಲೆಕ್ಕಾಧಿಕಾರಿಗಳಿಗೆ ನಮಸ್ಕಾರ.

ನೀನು ಎತ್ತಿನ ಬಾಯಿಯ ಬಗ್ಗೆ ಬರೆದದ್ದನ್ನು ಊಟದ ಹೊತ್ತಿಗೆ ಓದಿದೆ. ಸರಿತಾ ಮಾಡಿದ್ದ ಮೊಸರನ್ನ ಹಾಗೇ ಉಳಿಯಿತು. ಮುಂದಿನ ಪತ್ರಗಳ ಮೇಲೆ ‘ಊಟದ ನಂತರ ಓದತಕ್ಕದ್ದು’ ಎಂದು ಬರೆಯಬೇಕಾಗಿ ಪ್ರಾರ್ಥನೆ.

ಭಾನುವಾರ ದ್ರೌಪತಿಬಾಯಿಯನ್ನು ಕರೆದುಕೊಂಡು ಬಂದಿದ್ದೆ. ನೀನು ಯಾವುದೋ ಹಳ್ಳಿಗೆ ಎಮ್ಮೆ ಹೆರಿಗೆ ಮಾಡಿಸಲು ಹೋಗಿದ್ದೆಯಂತೆ. ನೀನಿಲ್ಲದ್ದರಿಂದ ನಿನ್ನ ಸಾಮ್ರಾಜ್ಯವನ್ನು ಸಾವಕಾಶ ನೋಡಿದೆ. ಬಾಗಿಲಲ್ಲೇ ಒಂದು ಫಲಕವಿದೆ: ಶನಿಕಾಟಕ್ಕೆ ಕರಿ ಎಮ್ಮೆಗೆ ಉಣಿಸಬೇಕು, ಮದುವೆ ತಡವಾದರೆ ಕಪಿಲೆಗೆ, ಕೋರ್ಟು ಕಚೇರಿಯ ಕೆಲಸವಿದ್ದರೆ ಹೋರಿಗೆ. ಪಾಪ, ಆ ಹೋರಿಗೆ ಎಷ್ಟು ವಕೀಲರ ಭಾರವೋ!

ಯಾರೋ ಮಗುವಿನ ಹುಟ್ಟುಹಬ್ಬ ನಡೆದಿತ್ತು. ಕೇಕಿನ ಗುಲಾಬಿ ಕೆನೆಯನ್ನು ಒಂದು ಕರುವಿನ ಮೂಗಿಗೆ ಬಳಿದರು. ಕರು ಸೀನಿತು. ಆ ಸೀನು ಕೇಕಿನ ಮೇಲೂ ಬಿತ್ತು. ಅದೇ ಕೇಕನ್ನು ಕತ್ತರಿಸಿ ಎಲ್ಲರಿಗೂ ಹಂಚಿದರು. ನನ್ನ ಕೈಗೂ ಒಂದು ತುಂಡು ಬಂತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಯಿಂದ ಎಸೆದೆ. ಪ್ಯಾಂಟು ಈಗ ಒಗೆಯಲು ನೆನೆಹಾಕಿದೆ.

ದ್ರೌಪತಿಬಾಯಿ ಇದೊಂದನ್ನೂ ನೋಡಲಿಲ್ಲ. ನೇರ ಸರ್ಜಾನ ಹತ್ತಿರ ಹೋಗಿ ಅವನ ಬಾಯಿ ತೆರೆದು, ಕೈ ಒಳಗೆ ಹಾಕಿ, ಆ ಕೈಯನ್ನು ಮೂಸಿ ನೋಡಿದಳು. “ಬಾಯಿ ವಾಸನಿ ಚಲೋ ಅದರಿ. ಯಾರೋ ಕಾಳಜಿ ಮಾಡಾಕತ್ಯಾರ” ಅಂದಳು. “ನೀವೂ ನೋಡ್ರಿ” ಎಂದು ನನ್ನನ್ನೂ ಕರೆದಳು. ನಾನು ಮೂರು ಮಾರು ದೂರದಿಂದಲೇ ತೃಪ್ತಿ ವ್ಯಕ್ತಪಡಿಸಿದೆ.

ಈ ಕೇಕಿನ ಜನರ ಮೇಲೆ ಒಂದು ಅಂಕಣ ಬರೆಯಲು ಕೈ ತುರಿಸುತ್ತಿದೆ. ನಿನ್ನ ಆಜ್ಞೆ ಇರುವುದರಿಂದ ಬರಿದೆ ತುರಿಸಿಕೊಳ್ಳುತ್ತಿದ್ದೇನೆ.

ಉತ್ತಮ


ಹುಮನಾಬಾದ
9 ಮೇ 2024

ಮಾಸ್ತರ,

ಮೊನ್ನೆ ಮತದಾನ ಮುಗಿಯಿತು. ಎರಡು ತಿಂಗಳು ಎಲ್ಲ ಪಕ್ಷದವರೂ ಬಂದು ಆಕಳ ಕೊರಳಿಗೆ ಹಾರ ಹಾಕಿ ಹೋದರು. ಹಾರದ ದಾರ ನುಂಗಿ ಒಂದು ಸತ್ತಿತು. ನಿನ್ನೆಯಿಂದ ಒಬ್ಬನ ಸುಳಿವೂ ಇಲ್ಲ.

ಮೇವು ಮುಗಿಯುತ್ತ ಬಂದಿದೆ. ನೂರಾ ಮೂವತ್ತು ದನ. ಬಿಸಿಲು ನಿನಗೇ ಗೊತ್ತು. ಕಡಿಯಬಾರದು ಎಂದು ಕಾಯಿದೆ ಇದೆ, ಮೇವು ಹಾಕಬೇಕು ಎಂದು ಕಾಯಿದೆ ಇಲ್ಲ. ಶೈಲೇಶನಿಗೆ ಹೇಳಿದರೆ, “ಡಾಕ್ಟರ್ ಸಾಬ, ಗೇಟಿಗೆ ಗ್ರಾನೈಟ ಹಾಕಸಾಕತ್ತೇವಿ, ಅದು ಮುಗೀಲಿ” ಅನ್ನುತ್ತಾನೆ. ಗ್ರಾನೈಟನ್ನು ಕತ್ತರಿಸಿ ನೆನೆಸಿದರೆ ಸರ್ಜಾ ತಿನ್ನುತ್ತಾನೋ ಏನೋ.

ನಿಮ್ಮ ಕಡೆ ಯಾರ ಹೊಲದಲ್ಲಾದರೂ ಕಣಿಕೆಯ ಬಣವೆ ಉಳಿದಿದ್ದರೆ ವಿಚಾರಿಸು. ಅಷ್ಟೇ ಸಾಕು. ಬೇರೇನೂ ಮಾಡಬೇಡ.

ಸರ್ಜಾ ಚೆನ್ನಾಗಿದ್ದಾನೆ.

ಮಹೆಬೂಬ


ಬಸವಕಲ್ಯಾಣ
12 ಜೂನ್ 2024

ಗ್ರಾನೈಟ್ ಪೀಠಾಧಿಪತಿಗಳ ಆಸ್ಥಾನ ವೈದ್ಯರಿಗೆ,

ತಡವಾದದ್ದಕ್ಕೆ ಕ್ಷಮೆ. ಕಣಿಕೆಗಾಗಿ ನಾಲ್ಕು ಊರು ವಿಚಾರಿಸಿದೆ. ಎತ್ತೇ ಇಲ್ಲದ ಮೇಲೆ ಬಣವೆ ಯಾರು ಒಟ್ಟುತ್ತಾರೆ? ಎಲ್ಲರ ಅಂಗಳದಲ್ಲೂ ಟ್ರ್ಯಾಕ್ಟರು. ಗೋರ್ಟಾದಲ್ಲಿ ದ್ರೌಪತಿಬಾಯಿಯ ಮನೆ ಹಿಂದೆ ಮಾತ್ರ ಒಂದು ಪುಟ್ಟ ಬಣವೆ ಉಳಿದಿದೆಯಂತೆ. “ನಾ ಹಬ್ಬಕ್ಕ ಬರ್ತೇನಿ, ಬರುವಾಗ ಹೊರೀ ತರ್ತೇನಿ” ಎಂದು ಹೇಳಿ ಕಳಿಸಿದ್ದಾಳೆ.

ಒಂದು ಹೊರೆಯಿಂದ ಏನಾಗುತ್ತದೆ? ಆದ್ದರಿಂದ ದೊಡ್ಡದೊಂದು ಏರ್ಪಾಡು ಆಗಿದೆ. ಯಾರಿಂದ, ಹೇಗೆ ಎಂದು ಕೇಳಬೇಡ. ಇಪ್ಪತ್ತೊಂದನೇ ತಾರೀಖು, ಶುಕ್ರವಾರ, ಎತ್ತುಗಳ ಹಬ್ಬ ಕಾರಹುಣ್ಣಿಮೆ. ಅವತ್ತು ಗಡ್ಡ ಟ್ರಿಮ್ ಮಾಡಿಸಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಲ್ಲು. ನಿನ್ನ ಆಸರೆ ಎಂದೂ ಕಾಣದಷ್ಟು ಜನರನ್ನು ಕಾಣಲಿದೆ. ಒಮ್ಮೆ ಜನ ಬಂದು ಆ ಬಡಕಲು ಮೈಗಳನ್ನು ಕಣ್ಣಾರೆ ಕಂಡರೆ, ಮರುದಿನ ಮೇವಿನ ಗಾಡಿ ತಾನಾಗೇ ಬರುತ್ತದೆ. ಜನರ ಮನಸ್ಸು ನಾನು ಬಲ್ಲೆ. ನಲವತ್ತು ವರ್ಷ ಅವರ ಮಕ್ಕಳ ಕಿವಿ ಹಿಂಡಿದ್ದೇನೆ.

ಉತ್ತಮ


ಹುಮನಾಬಾದ
17 ಜೂನ್ 2024

ಮಾಸ್ತರ,

ಇವತ್ತು ಬಕ್ರೀದ್. ನಮಾಜು ಮುಗಿಸಿ ನೇರ ಇಲ್ಲಿಗೆ ಬಂದೆ. ಈ ವಾರ ಪೊಲೀಸರು ಗಡಿಯ ತಪಾಸಣೆ ನಾಕಾದಲ್ಲಿ ಹಿಡಿದ ಮೂವತ್ತೆಂಟು ಎತ್ತುಗಳನ್ನು ಇಲ್ಲಿ ತಂದು ಇಳಿಸಿದ್ದಾರೆ. ಒಂದೊಂದು ಲಾರಿಯಲ್ಲಿ ಹನ್ನೆರಡನ್ನು ತುರುಕಿದ್ದರು. ಕೊಂಬು ಮುರಿದವು, ಕಣ್ಣಿಗೆ ಮೆಣಸಿನಪುಡಿ ಬಿದ್ದವು, ತಮ್ಮದೇ ಸಗಣಿಯಲ್ಲಿ ಹೊರಳಿದವು. ತೊಳೆದು ತೊಳೆದು ನನ್ನ ಉಗುರು ಹಳದಿಯಾಗಿವೆ. ಆದರೂ ಬದುಕಿವೆ.

ಫರ್ಹೀನ್ ನಿನ್ನೆಯಿಂದ ನಿನಗೆ ಮೂರು ಸಲ ಫೋನ್ ಮಾಡಿದ್ದಾಳೆ. ನೀನು ಎತ್ತಲಿಲ್ಲ.

ಯಾವನೋ ಪೇಪರಿನಲ್ಲಿ ಬರೆದಿದ್ದಾನೆ. ಶೈಲೇಶ ಅದರ ಜೆರಾಕ್ಸ್ ಮಾಡಿಸಿ ಹೋಟೆಲು, ಬಸ್‌ಸ್ಟ್ಯಾಂಡು ಎಲ್ಲ ಕಡೆ ಹಚ್ಚಿಸಿದ್ದಾನೆ. ಬರೆದವನ ಹೆಸರು ಕತ್ತರಿಸಿ ಹೋಗಿದೆ. ಒಂದೆರಡು ಸಾಲು ನಕಲು ಮಾಡುತ್ತೇನೆ:

“ಮನೆಯಲ್ಲಿ ಎತ್ತಿಲ್ಲವೇ? ಹೋಳಿಗೆ ಹಿಡಿದುಕೊಂಡು ಟ್ರ್ಯಾಕ್ಟರಿನ ಬಾಯಿ ಎಲ್ಲಿದೆಯೆಂದು ಹುಡುಕುತ್ತಿದ್ದೀರಾ? ಎತ್ತಿಲ್ಲದವರ ಕಾರಹುಣ್ಣಿಮೆಗೆ ಹುಮನಾಬಾದಿನ ಆಸರೆಯಲ್ಲಿ ನೂರಾರು ಹೊಟ್ಟೆಗಳು ನಿಮ್ಮ ಪುಣ್ಯಕ್ಕಾಗಿ ಕಾದಿವೆ. ಬುಟ್ಟಿ ತುಂಬ ಹೋಳಿಗೆ ತನ್ನಿ, ಒಂದು ಎತ್ತಿಗೂ ಅತೃಪ್ತಿ ಆಗದಿರಲಿ!”

ಮಾಸ್ತರ, ದನದ ಹೊಟ್ಟೆ ಮೇವು ನೆನೆಹಾಕುವ ಗಡಿಗೆ. ಅದರಲ್ಲಿ ಬೆಲ್ಲ, ಬೇಳೆ, ಮೈದಾ ಒಮ್ಮೆಲೇ ಬಿದ್ದರೆ ಗಡಿಗೆ ಹುಳಿಯುತ್ತದೆ. ಹುಳಿ ರಕ್ತಕ್ಕೆ ಇಳಿಯುತ್ತದೆ. ಮನೆಯ ಒಕ್ಕಲಿಗ ಹಬ್ಬದ ದಿನ ಒಂದು ಹೋಳಿಗೆ ಕೊಡುತ್ತಾನೆ, ಅದರಿಂದ ಏನೂ ಆಗುವುದಿಲ್ಲ. ಊರಿಗೆ ಊರೇ ಬಂದು ಒಂದೊಂದು ಕೊಟ್ಟರೆ ಒಂದು ಎತ್ತಿಗೆ ಎಷ್ಟಾಯಿತು? ಇವು ಹಸಿದ ದನಗಳು. ಬೇಡ ಎನ್ನಲಿಕ್ಕೆ ಅವಕ್ಕೆ ಬರುವುದಿಲ್ಲ. ಹಲ್ಲಿಲ್ಲದ್ದು ಜಗಿಯದೇ ನುಂಗುತ್ತದೆ.

ನೀನು ಶುಕ್ರವಾರ ಬೆಳಿಗ್ಗೆಯೇ ಬಾ. ಗೇಟಿನಲ್ಲಿ ನಿಂತು ನೀನು ಹೇಳಿದರೆ ಕೇಳುತ್ತಾರೆ. ನಾನು ಹೇಳಿದರೆ

ಇಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದುವ ನಿನ್ನ ಹಳೆಯ ಚಾಳಿ ಬೇಡ.

ಬಾ.

ಮಹೆಬೂಬ


ಬಸವಕಲ್ಯಾಣ
22 ಜೂನ್ 2024, ಬೆಳಿಗ್ಗೆ

ಮಹಾಜನಸಾಗರದ ದಂಡೆಯ ಮೇಲೆ ನಿಂತ ಮಹನೀಯರೇ,

ಹೇಗಿತ್ತು ಹಬ್ಬ? ಶೈಲೇಶ ನಿನ್ನೆ ಸಂಜೆ ಫೋನ್ ಮಾಡಿ, “ಮಾಸ್ತರ್ರ, ಜಾತ್ರಿ ಆಗ್ಯದರಿ ಜಾತ್ರಿ! ಮಂದಿಗೆ ನಿಲ್ಲಾಕ ಜಾಗಾ ಇದ್ದಿಲ್ಲ” ಅಂದ. ಆ ಅಂಕಣ ನನ್ನದೇ ಎಂದು ನೀನು ಇಷ್ಟರಲ್ಲಿ ಊಹಿಸಿರಬೇಕು. ಬೈಗುಳಗಳನ್ನು ಸಾಲಾಗಿ ಕಳಿಸು, ಸ್ವೀಕರಿಸುತ್ತೇನೆ. ಆದರೆ ಮೇವಿನ ಗಾಡಿ ಬಂದ ಮೇಲೆ ಅಷ್ಟನ್ನೂ ಹಿಂದೆ ಪಡೆಯಬೇಕಾಗುತ್ತದೆ.

ನಾನೇ ಬಂದು ಮೆರೆಯಬೇಕೆಂದಿದ್ದೆ. ಆದರೆ ಗುರುವಾರವೇ ಸರಿತಾ ರುಚಿ ನೋಡಲೆಂದು ಹೋಳಿಗೆ ಮಾಡಿದ್ದಳು. ಐದು ತಿಂದೆ. ಮರುದಿನ ಹೊಟ್ಟೆ ಕಲ್ಲಾಯಿತು. ಹುಳಿ ತೇಗು, ಎದೆಯಲ್ಲಿ ಉರಿ, ಇನ್ನು ಕೆಲವನ್ನು ಪತ್ರದಲ್ಲಿ ಬರೆಯಲಾಗದು. ನಿನ್ನೆಯಿಂದ ತಿನ್ನುವ ಸೋಡಾ ಕುಡಿದು ಮಲಗಿದ್ದೇನೆ. ಐದು ಹೋಳಿಗೆಗೇ ಈ ಪಾಡು! ವಯಸ್ಸಾಯಿತು ದೋಸ್ತ.

ಈ ಪತ್ರವನ್ನು ಮಡಿಸುತ್ತಿರುವಾಗಲೇ ಪೋಸ್ಟ್‌ಮನ್ ಬಂದ. ನಿನ್ನ ಅಕ್ಷರದ ಲಕೋಟೆ. ಇದನ್ನು ಅವನ ಕೈಯಲ್ಲೇ ಕೊಟ್ಟು, ಅದನ್ನು ಸಾವಕಾಶ ಓದುತ್ತೇನೆ.

ಉತ್ತಮ


ಹುಮನಾಬಾದ
25 ಜೂನ್ 2024

ಮಾಸ್ತರ,

ವರದಿ.

ಶುಕ್ರವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ಜನ ಬಂದರು. ನಾಲ್ಕು ಸಾವಿರ ಹೋಳಿಗೆ ಎಂದು ಶೈಲೇಶ ಮೈಕಿನಲ್ಲಿ ಹೇಳಿದ, ನಾನು ಎಣಿಸಲಿಲ್ಲ. ಹಬ್ಬ ಎತ್ತಿನದಾದ್ದರಿಂದ ಆಕಳಿಗೂ ಎಮ್ಮೆಗೂ ಯಾರೂ ಕೊಡಲಿಲ್ಲ. ಎಲ್ಲ ಎತ್ತಿಗೇ. ಸರ್ಜಾ ದೇವಣಿ, ಮುಖ ಚೆಂದ, ಹಾಯುವುದಿಲ್ಲ ಎಂದು ಅವನ ಕೊಂಬಿಗೆ ಬಣ್ಣ ಹಚ್ಚಿ ಎಲ್ಲಕ್ಕಿಂತ ಮುಂದೆ ಕಟ್ಟಿದರು. ಫೋಟೋಕ್ಕೆ ಸಾಲು ನಿಂತಿತ್ತು.

ಸಂಜೆಗೆ ಮೆಲುಕು ನಿಂತಿತು. ಶನಿವಾರ ಬೆಳಗ್ಗೆ ಹೊಟ್ಟೆ ಮುಟ್ಟಿದರೆ ನೀರು ತುಂಬಿದ ಚರ್ಮದ ಚೀಲ. ಬೂದುಬಣ್ಣದ ಭೇದಿ, ಅದರಲ್ಲಿ ಕಡಲೆಬೇಳೆ ಬೇಳೆಯಾಗಿಯೇ. ಇಡೀ ಕೊಟ್ಟಿಗೆ ಹಳಸಿದ ಹೂರಣದ ವಾಸನೆ. ಬೆಲ್ಲಕ್ಕೆ ನೊಣ ಮುತ್ತಿ ದನದ ಕಣ್ಣು ಕಾಣುತ್ತಿರಲಿಲ್ಲ. ಇಬ್ಬರು ಡಾಕ್ಟರು ಬಂದರು. ಗಂಟಲಿಗೆ ಕೊಳವೆ ಇಳಿಸಿ ಸೋಡಾ ನೀರು ಹಾಕಿದೆವು, ಗ್ಲೂಕೋಸು ಏರಿಸಿದೆವು. ಅಂಗಡಿಯಲ್ಲಿದ್ದ ಸೋಡಾ ಎಲ್ಲ ಮುಗಿಯಿತು.

ಹತ್ತೊಂಬತ್ತು ಸತ್ತವು. ಅದರಲ್ಲಿ ಹದಿಮೂರು ಆ ಲಾರಿಗಳಿಂದ ಇಳಿದವು. ಕಸಾಯಿಖಾನೆಯ ದಾರಿಯಿಂದ ಬದುಕಿ ಬಂದವು, ನಮ್ಮ ಹಬ್ಬದಿಂದ ಬದುಕಿ ಹೋಗಲಿಲ್ಲ.

ಸರ್ಜಾ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದ. ಕೊನೆಯ ತನಕ ಕತ್ತು ನನ್ನ ಮೊಣಕಾಲ ಮೇಲಿತ್ತು. ಕೊಂಬಿನ ಬಣ್ಣ ನನ್ನ ಪೈಜಾಮಕ್ಕೆ ಹತ್ತಿದೆ.

ಜೆಸಿಬಿ ತರಿಸಿ ಹಿಂದಿನ ಹೊಲದಲ್ಲಿ ಹೂತರು. ಅದು ಕುಣಿ ತೋಡುತ್ತಿರುವಾಗಲೇ ಶೈಲೇಶ ಹಬ್ಬದ ಫೋಟೋಗಳನ್ನು ಮೊಬೈಲಿನಲ್ಲಿ ಹಾಕುತ್ತ ಕೂತಿದ್ದ. ರಿಜಿಸ್ಟರಿನಲ್ಲಿ ಸಾವಿನ ಕಾರಣ ‘ವಯೋಸಹಜ’ ಎಂದು ಬರೆಯಿಸಿದ. “ಕೇಂದ್ರ ಮುಚ್ಚಿದ್ರ ಉಳದ ದನಾ ನಿಮ್ಮನಿಗಿ ಒಯ್ತೀರೇನ್ರಿ?” ಅಂದ. ನಾನು ಸಹಿ ಹಾಕಿದೆ. ಹಾಕಿ ಬಂದು ಕೈ ತೊಳೆದೆ.

ಗೋರ್ಟಾಕ್ಕೆ ನೀನು ಹೋಗು. ವಯಸ್ಸಾಗಿತ್ತು ಎಂದು ಹೇಳು. ರಿಜಿಸ್ಟರಿನಲ್ಲೂ ಹಾಗೇ ಇದೆ.

ನಿನ್ನ 22ರ ಪತ್ರ ಬಂದಿದೆ. ಹೊಟ್ಟೆ ಈಗ ಹೇಗಿದೆ?

ಮಹೆಬೂಬ


ಬಸವಕಲ್ಯಾಣ
1 ಜುಲೈ 2024

ಮಹೆಬೂಬ,

ನಿನ್ನೆ ಗೋರ್ಟಾಕ್ಕೆ ಹೋಗಿದ್ದೆ.

ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ಫರ್ಹೀನ್‌ಳ ಫೋನು ನಾನು ಕಂಡಿದ್ದೆ. ಮೂರು ಸಲವೂ ಕಂಡೆ. ಬರೆಯಬೇಡ ಎಂದಿದ್ದರೂ ಬರೆದೆನಲ್ಲ, ಅದಕ್ಕೆ ಬೈಯಲು ಮಾಡಿಸುತ್ತಿದ್ದೀ ಎಂದುಕೊಂಡೆ. ಮೊಬೈಲನ್ನು ದಿಂಬಿನ ಕೆಳಗಿಟ್ಟು ನಕ್ಕೆ.

ಇನ್ನೊಂದು. ಮೇವು ಬೇಕೆಂದು ನೀನು ಕೇಳಿದ್ದೆ. ನಾನು ಹೋಳಿಗೆ ಎಂದು ಬರೆದೆ. ಯಾಕೆಂದರೆ ಮೇವು ಎಂದರೆ ಯಾರೂ ನಗುವುದಿಲ್ಲ, ಹೋಳಿಗೆ ಎಂದರೆ ನಗುತ್ತಾರೆ. ಬೇರೆ ಕಾರಣವಿಲ್ಲ.

ದ್ರೌಪತಿಬಾಯಿ ಕಟ್ಟೆಯ ಮೇಲೆ ಕೂತು ಹೆಸರುಬೇಳೆ ಕೇರುತ್ತಿದ್ದಳು. ದಾರಿಯುದ್ದಕ್ಕೂ ನಿಜ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆಕೆಯ ಮುಖ ಕಂಡ ಕೂಡಲೇ ನನ್ನ ಬಾಯಿಂದ ಬಂದದ್ದು, “ಸರ್ಜಾ ಹೋದ್ನವ್ವಾ, ವಯಸ್ಸಾಗಿತ್ತು” ಎಂದು. ನಿನ್ನ ಸುಳ್ಳನ್ನೇ ಚಾಚೂ ತಪ್ಪದೆ ಒಪ್ಪಿಸಿದೆ. ಜಾಣ ವಿದ್ಯಾರ್ಥಿ.

ಆಕೆ ಮೊರ ಕೆಳಗಿಟ್ಟಳು.

“ನಾ ಅವತ್ತ ಅಲ್ಲೇ ಇದ್ದೆರಿ, ಮಾಸ್ತರ್ರ.”

ಕಣಿಕೆಯ ಹೊರೆ ಹೊತ್ತು ಬೆಳಿಗ್ಗೆ ಎಂಟಕ್ಕೇ ಬಂದಿದ್ದಳಂತೆ. ಆ ಹೊರೆಯನ್ನು ಒಳಗೆ ಬಿಡಲಿಲ್ಲವಂತೆ. ಗ್ರಾನೈಟಿನ ಮೇಲೆ ಕಸ ಬೀಳುತ್ತದೆ ಎಂದರಂತೆ. ಸರ್ಜಾನ ಹತ್ತಿರ ಹೋಗಿ, “ಇಂವಗ ಹಲ್ಲಿಲ್ಲ, ಸಾಕ ಮಾಡ್ರಿ” ಎಂದು ಕೂಗಿದರೆ, ಯಾರೋ ಹೆಣ್ಣುಮಗಳು ಆಕೆಯ ಕೈಗೂ ಒಂದು ಹೋಳಿಗೆ ಕೊಟ್ಟು, “ಅಜ್ಜೀ, ನೀನೂ ತಿನ್ನಸು, ಫೋಟೋ ತೆಗೀತೇನಿ” ಅಂದಳಂತೆ.

“ಅರವತ್ತರ ತನಕ ಎಣಿಸಿದೆರಿ. ಮುಂದ ಎಣಿಸಾಕ ಆಗಲಿಲ್ಲ. ನಾ ಅವಂಗ ವರ್ಷಕ್ಕ ಒಂದ ಕೊಡ್ತಿದ್ದೆ. ಅದರಾಗೂ ಅರ್ಧ ರಾಜಾಗ” ಅಂದಳು.

ನೀನು ವರದಿಯಲ್ಲಿ ಬಿಟ್ಟದ್ದನ್ನೂ ಹೇಳಿದಳು. ನೀನು ಗೇಟಿಗೆ ಅಡ್ಡ ಎರಡೂ ಕೈ ಚಾಚಿ ನಿಂತಿದ್ದೆಯಂತೆ. “ನಮ್ಮ ಹಬ್ಬದಾಗ ನಿಂದೇನ ಕೆಲಸಾ?” ಎಂದರಂತೆ. ನಿನಗೆ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಕಿವಿಯ ಹತ್ತಿರ ಬಂದು ಕೂಗಿದರಂತೆ. ನೀನು ಕೈ ಇಳಿಸಲಿಲ್ಲವಂತೆ. ಯಾರೋ ನೂಕಿದರಂತೆ. ನಿನ್ನ ಟೊಪ್ಪಿಗೆ ಬಿದ್ದು, ಅದನ್ನು ತುಳಿದುಕೊಂಡೇ ಬುಟ್ಟಿಗಳು ಒಳಗೆ ಹೋದವಂತೆ. ಅದನ್ನು ಎತ್ತಿ ಝಾಡಿಸಿ ನಿನಗೆ ಕೊಟ್ಟವಳು ದ್ರೌಪತಿಬಾಯಿ. ನೀನು ಹೊಡೆದು ಹಾಕಿದ್ದ ಆ ಸಾಲನ್ನು ಬೆಳಕಿಗೆ ಹಿಡಿಯಬೇಕಾಗಿ ಬರಲಿಲ್ಲ, ಮಹೆಬೂಬ. ಅವತ್ತು ಆ ಜಾಗದಲ್ಲಿ ನಾನಿರಬೇಕಿತ್ತು. ನಾನು ಐದು ಹೋಳಿಗೆ ತಿಂದು ಮಲಗಿದ್ದೆ.

“ಪೇಪರಿನ್ಯಾಗ ಬರದಾಂವ ನಾನೇ ಅವ್ವಾ” ಎಂದೆ. ಆಕೆ ಬೈಯಲಿಲ್ಲ. ಬೈದಿದ್ದರೆ ಪತ್ರದಲ್ಲಿ ಬರೆಯಲು ಏನಾದರೂ ಇರುತ್ತಿತ್ತು. ಮೊರ ಮತ್ತೆ ಎತ್ತಿಕೊಂಡಳು. ಆಮೇಲೆ ಅಂದಳು:

“ಸಂತ್ಯಾಗಿನ ದಲಾಲ ಕೊಲ್ಲಾಕ ಒಯ್ಯಾಂವ ಇದ್ದ, ಖರೇರಿ. ಆದ್ರ ಅಂವಾ ಬಾಯಿ ತೆರದ ನೋಡಿದ್ದ. ನೀವ್ಯಾರೂ ನೋಡಲೇ ಇಲ್ಲಲ್ರಿ.”

ಚಹಾ ಮಾಡಿಕೊಟ್ಟಳು. ಕುಡಿದೆ. ಕುಡಿದೆನಲ್ಲ ಎಂದು ಬಸ್ಸಿನಲ್ಲಿ ನನ್ನ ಮೇಲೇ ಹೇಸಿಕೆ ಬಂತು.

ಗೋರ್ಟಾಕ್ಕೆ ಹೋಗುವ ಮೊದಲೇ ತಪ್ಪೊಪ್ಪಿಗೆ ಬರೆದು ಪತ್ರಿಕೆಗೆ ಕೊಟ್ಟಿದ್ದೆ. ಹತ್ತೊಂಬತ್ತು ಎತ್ತುಗಳನ್ನು ಕೊಂದದ್ದು ಹೇಗೆ ಎಂದು ನೇರವಾಗಿ, ಅಲಂಕಾರವಿಲ್ಲದೆ. ಸಂಪಾದಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಮಾಸ್ತರ್ರ, ಈ ಸಲಾ ಭಾರಿ ಬರದೀರಿ” ಎಂದು ಅಂಕಣದ ಜಾಗದಲ್ಲೇ, ನಗುವ ಮುಖದ ಚಿತ್ರ ಹಾಕಿ ಅಚ್ಚು ಮಾಡಿದ. ಇವತ್ತು ಬೆಳಗಿನಿಂದ ಏಳು ಜನ ಫೋನ್ ಮಾಡಿ ಮೆಚ್ಚಿದ್ದಾರೆ. ಎಲ್ಲರ ಫೋನೂ ಎತ್ತಿದೆ. ಅದು ಖರೆ ಎಂದು ಎಲ್ಲರಿಗೂ ಹೇಳಿದೆ. ಇನ್ನೂ ಜೋರಾಗಿ ನಕ್ಕರು.

ಸಂತೆಯಲ್ಲಿ ಕಲ್ಲು ಹತ್ತಿ ಕೊಟ್ಟ ಮಾತು ನಿನಗೆ ನೆನಪಿರಬಹುದು. ನನಗೆ ಪ್ರತಿ ಅಕ್ಷರವೂ ನೆನಪಿದೆ.

ಉತ್ತಮ


ಹುಮನಾಬಾದ
5 ಜುಲೈ 2024

ಮಾಸ್ತರ,

ಆ ಜೆರಾಕ್ಸಿನ ಎರಡನೇ ಸಾಲಿಗೇ ನೀನೆಂದು ಗೊತ್ತಾಗಿತ್ತು. ಟ್ರ್ಯಾಕ್ಟರಿನ ಬಾಯಿ ಹುಡುಕುವವನು ಈ ಎರಡು ತಾಲೂಕಿನಲ್ಲಿ ಇನ್ನೊಬ್ಬ ಇಲ್ಲ. ನೀನೇ ಹೇಳಲಿ ಎಂದು ‘ಯಾವನೋ’ ಎಂದು ಬರೆದೆ. ನೇರವಾಗಿ ‘ನೀನು’ ಎಂದು ಬರೆದಿದ್ದರೆ ಬೇಗ ಓಡಿ ಬರುತ್ತಿದ್ದೆಯೋ ಏನೋ. ಆದರೆ ಆ ಪತ್ರವೇ ತಡವಾಗಿ ಮುಟ್ಟಿತಲ್ಲ. ಬಿಡು.

ರಿಜಿಸ್ಟರಿನಲ್ಲಿ ‘ವಯೋಸಹಜ’ ಎಂಬುದನ್ನು ಹೊಡೆದು, ಹತ್ತೊಂಬತ್ತು ಸಾಲಿನಲ್ಲೂ ‘ಹೋಳಿಗೆ’ ಎಂದು ಬರೆದೆ. ಶೈಲೇಶ ಆ ಹಾಳೆ ಹರಿದ. ಮುಂದಿನ ಹಾಳೆಯಲ್ಲಿ ಮತ್ತೆ ಬರೆದೆ. ಅದನ್ನು ಇನ್ನೂ ಹರಿದಿಲ್ಲ. ನೋಡಿಲ್ಲವೋ ಏನೋ.

ಟೊಪ್ಪಿಗೆ ಒಗೆದರೆ ಬೆಲ್ಲದ ಕಲೆ ಹೋಯಿತು. ಆ ವಿಷಯ ಮುಗಿಯಿತು.

ದ್ರೌಪತಿಬಾಯಿ ನಿನ್ನೆ ಬಂದಿದ್ದಳು, ಕಣಿಕೆಯ ಹೊರೆಯೊಂದಿಗೆ. ಈ ಸಲ ಗ್ರಾನೈಟಿನ ಮೇಲೆಯೇ ಇಳಿಸಿದಳು. ಯಾರೂ ತಡೆಯಲಿಲ್ಲ.

ಉಳಿದ ಎತ್ತುಗಳಲ್ಲಿ ಹಲ್ಲಿಲ್ಲದವು ಎಷ್ಟು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ಕಣ್ಣೂ ಈಗೀಗ ಮಂಜು, ಬೆರಳಿನಿಂದಲೇ ತಿಳಿಯಬೇಕು. ಒಬ್ಬನಿಂದ ಆಗುವ ಕೆಲಸವಲ್ಲ. ಭಾನುವಾರ ಬಾ. ಬಾಯಿಯ ಮಗ್ಗುಲಿನಲ್ಲಿ ಹಲ್ಲಿಲ್ಲದ ಒಂದು ಸಂದು ಇರುತ್ತದೆ, ಹೆಬ್ಬೆರಳು ಅಲ್ಲಿಂದ ಹಾಕಿದರೆ ಕಚ್ಚುವುದಿಲ್ಲ. ಜೊಲ್ಲು ಮೊಣಕೈ ತನಕ ಇಳಿಯುತ್ತದೆ. ಒರೆಸಿಕೊಳ್ಳಲು ನಿನ್ನ ಅಂಗಿಯೇ ಇದೆ.

ಬರುವಾಗ ಕೈಯಲ್ಲಿ ಏನೂ ಹಿಡಿದುಕೊಂಡು ಬರಬೇಡ.

ಮಹೆಬೂಬ